ಧ್ವನಿಮುದ್ರಿಕೆಯ ಮೇಲಣ ಹೆಸರು: ಬೋನಿ ಎಂ. ಮೇಳದ ಧ್ವನಿಮುದ್ರಣ ಚರಿತ್ರೆ

ಗ್ರಾಮಫೋನ್ ತಟ್ಟೆಯೊಂದನ್ನು ಚರಿತ್ರೆಯ ಆಕರವೆಂದು ಕೈಗೆತ್ತಿಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದು ಅದರ ನಡುವಣ ಕಾಗದದ ಬಿಲ್ಲೆ. ಹಾಡಿನ ಹೆಸರು, ಹಾಡಿದವರ ಹೆಸರು, ಕೃತಿಕಾರರ ಹೆಸರು, ಪ್ರಕಟಿಸಿದ ಸಂಸ್ಥೆಯ ಹೆಸರು, ಇಸವಿ, ಇಷ್ಟೂ ಅಲ್ಲಿ ಅಚ್ಚಾಗಿರುತ್ತವೆ. ಶಾಸನವನ್ನು ಓದುವವನು ಅರಸನ ಹೆಸರೂ ಶಕವರ್ಷವೂ ದೊರೆತೊಡನೆ ಹೇಗೆ ಒಂದು ಬಗೆಯ ನಿಶ್ಚಿಂತೆಯನ್ನು ತಾಳುವನೋ ಹಾಗೆ ಇಲ್ಲಿಯೂ ನಾವು ನಿಶ್ಚಿಂತರಾಗುವುದುಂಟು. ಆದರೆ 1970ರ ದಶಕದಲ್ಲಿ ಪಶ್ಚಿಮ ಜರ್ಮನಿಯಿಂದ ಹೊರಟು ಲೋಕವನ್ನು ಸುತ್ತಿದ ಡಿಸ್ಕೊ ಸಂಗೀತದ ತಟ್ಟೆಗಳ ಮಟ್ಟಿಗೆ ಈ ನಿಶ್ಚಿಂತೆ ಸಲ್ಲದು. ಅಲ್ಲಿ ಹಾಡಿದವರ ಸ್ಥಾನದಲ್ಲಿ ಅಚ್ಚಾದ ಹೆಸರು ಎಷ್ಟೋ ವೇಳೆ ಯಾವ ವ್ಯಕ್ತಿಯದೂ ಅಲ್ಲ. ಹಾಡುವ ಹೊತ್ತಿನಲ್ಲಿ ಅಸ್ತಿತ್ವದಲ್ಲಿದ್ದ ಯಾವ ಮೇಳದ್ದೂ ಅಲ್ಲ. ಅಂತಹ ಹೆಸರುಗಳಲ್ಲಿ ಅತ್ಯಂತ ಪ್ರಸಿದ್ಧವಾದ ‘ಬೋನಿ ಎಂ.’ ಎಂಬುದರ ಧ್ವನಿಮುದ್ರಣ ಚರಿತ್ರೆಯನ್ನು ಪರಿಶೀಲಿಸಿ, ಆ ಹೆಸರಿನ ಹಿಂದೆ ಯಾರ ಯಾರ ಕಂಠಗಳಿದ್ದುವು ಎಂಬುದನ್ನು ಬಿಡಿಸಿ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಡಿಸ್ಕೊ ಎಂಬುದರ ವಿಷಯವಾಗಿ ಎರಡು ಮಾತು. ಅಮೆರಿಕದ ನಗರಗಳ ನೃತ್ಯಶಾಲೆಗಳಲ್ಲಿ ವಾದ್ಯಮೇಳಕ್ಕೆ ಬದಲಾಗಿ ತಟ್ಟೆಗಳನ್ನೇ ನುಡಿಸಿ ಜನರನ್ನು ಕುಣಿಸುವ ಪದ್ಧತಿಯಿಂದ ಈ ಸಂಗೀತ ಹುಟ್ಟಿತು. ಮಾತ್ರೆಮಾತ್ರೆಗೂ ದೊಡ್ಡ ಡ್ರಮ್ಮಿನ ಸಮಾನವಾದ ಹೊಡೆತ, ನಿಮಿಷಕ್ಕೆ ಸುಮಾರು 120 ಹೊಡೆತಗಳ ವೇಗ, ಅದರ ಮೇಲೆ ಬೇಸ್ ಗಿಟಾರಿನ ಚಲನೆ, ಅದಕ್ಕೂ ಮೇಲೆ ಪಿಟೀಲುಗಳ ತೆರೆ: ಇದು ಇದರ ಸ್ಥೂಲ ರೂಪ. ನಮ್ಮ ತಾಳಗಳಲ್ಲಿ ಇರತಕ್ಕ ಲಘು, ದ್ರುತಗಳ ಅಂಗವಿಭಾಗವನ್ನು ಇಲ್ಲಿ ಹುಡುಕಬಾರದು. ಎಲ್ಲ ಹೊಡೆತಗಳೂ ಒಂದೇ ತೂಕದವು. ಕುಣಿಯುವವನಿಗೆ ಹಾಡುವವರು ಕಾಣಬೇಕಾಗಿಲ್ಲ. ಸದ್ದು ಕೇಳಿದರೆ ಸಾಕು. ಹಾಡುವವರು ಕಾಣಬೇಕಾಗಿಲ್ಲವೆಂದ ಮೇಲೆ ಮೇಳವೆಂಬುದೊಂದು ನಿಜವಾಗಿ ಇರಬೇಕಾದುದು ತಾನೆ ಏಕೆ? ಈ ಪ್ರಶ್ನೆಯನ್ನು ಕಾರ್ಯತಃ ಕೇಳಿದವರು ಜರ್ಮನಿಯ ನಿರ್ಮಾಪಕರು. ಮ್ಯೂನಿಕ್ ನಗರದಲ್ಲಿ ಗೀತಕಾರ ಮಿಖಾಯೆಲ್ ಕುಂಟ್ಸೆ ಮತ್ತು ಸಂಗೀತಕಾರ ಸಿಲ್ವೆಸ್ಟರ್ ಲೆವಾಯ್ ಇವರು ‘ಸಿಲ್ವರ್ ಕನ್ವೆನ್ಷನ್’ ಎಂಬ ಹೆಸರಿನಲ್ಲಿ ಹೊರತಂದ ‘ಫ್ಲೈ ರಾಬಿನ್ ಫ್ಲೈ’ ಎಂಬ ಹಾಡು 1975ರ ನವೆಂಬರಿನಲ್ಲಿ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹಾಡಿನಲ್ಲಿ ಇರುವ ಪದಗಳು ಒಟ್ಟು ಆರು. ಅದಕ್ಕೆ ದೊರೆತ ಗ್ರಾಮಿ ಪ್ರಶಸ್ತಿಯೂ ವಾದ್ಯಸಂಗೀತದ ವರ್ಗದಲ್ಲಿ ಬಂದಿತೆಂಬುದು ಗಮನಾರ್ಹ. ಈ ಮೇಳವು ಮೊದಲು ಸ್ಟೂಡಿಯೊದ ಕೂಲಿ ಕಂಠಗಳಿಂದ ಕೂಡಿದ ಹೆಸರು ಮಾತ್ರವಾಗಿದ್ದು, ಯಶಸ್ಸು ಬಂದ ಮೇಲೆ ಮೂವರು ಗಾಯಕಿಯರನ್ನು ಅದರ ಮುಖವಾಗಿ ವೇದಿಕೆಗೆ ತರಲಾಯಿತು. ಬೋನಿ ಎಂ. ನಡೆದುದು ಇದೇ ಹಾದಿಯಲ್ಲಿ. ಆದರೆ ಅದು ಬಹು ದೂರ ನಡೆಯಿತು.

ಬೋನಿ ಎಂ. ಮೇಳದ ಕರ್ತೃ ಫ್ರಾಂಕ್ ಫಾರಿಯನ್. ಇವರ ಹುಟ್ಟುಹೆಸರು ಫ್ರಾಂಟ್ಸ್ ರಾಯ್ಟರ್. ಹುಟ್ಟಿದುದು 1941ರಲ್ಲಿ ಜರ್ಮನಿಯ ಕಿರ್ನ್ ಎಂಬ ಊರಿನಲ್ಲಿ. ಅಡುಗೆಯ ವೃತ್ತಿಯಲ್ಲಿ ತರಬೇತು ಪಡೆದು ಆಮೇಲೆ ಹಾಡುಗಾರಿಕೆಗೆ ಇಳಿದವರು. ಜರ್ಮನ್ ಭಾಷೆಯ ಭಾವುಕ ಗೀತೆಗಳಾದ ‘ಶ್ಲಾಗರ್’ಗಳನ್ನು ತಮ್ಮ ಹೆಸರಿನಲ್ಲಿ ಹಾಡುತ್ತಿದ್ದರು, 1976ರಲ್ಲಿ ಇವರ ‘ರಾಕಿ’ ಎಂಬ ಹಾಡು ಜರ್ಮನಿಯಲ್ಲಿ ಮೊದಲ ಸ್ಥಾನವನ್ನು ಪಡೆಯಿತು. ಇದಕ್ಕೆ ತುಸು ಮುಂಚೆಯೇ, 1975ರಲ್ಲಿ, ‘ಬೇಬಿ ಡು ಯು ವಾನಾ ಬಂಪ್’ ಎಂಬ ನೃತ್ಯದ ಹಾಡೊಂದನ್ನು ಅವರು ಹೊರತಂದರು. ಅದರಲ್ಲಿನ ಮಂದ್ರದ ಗಂಡುದನಿಯೂ ಅವರದೇ, ಕೃತಕವಾಗಿ ಏರಿಸಿದ ಹೆಣ್ಣುದನಿಯಂತಹ ಕಂಠವೂ ಅವರದೇ. ಶ್ಲಾಗರ್ ಹಾಡುವ ಫಾರಿಯನ್ನರ ಹೆಸರು ಇಂತಹ ತಟ್ಟೆಗೆ ಹೊಂದದು. ಆ ಕಾಲಕ್ಕೆ ದೂರದರ್ಶನದಲ್ಲಿ ಬರುತ್ತಿದ್ದ ‘ಬೋನಿ’ ಎಂಬ ಆಸ್ಟ್ರೇಲಿಯದ ಪತ್ತೇದಾರಿ ಕಥಾಮಾಲೆಯಿಂದ ಹೆಸರನ್ನು ತೆಗೆದುಕೊಂಡು ‘ಎಂ’ ಎಂಬ ಒಂದಕ್ಷರವನ್ನು ಜೋಡಿಸಿದರು. ಹೀಗೆ ಮೇಳವೊಂದು ಹುಟ್ಟಿತು, ಅದರಲ್ಲಿದ್ದವರು ಒಬ್ಬರೇ.

ಇಲ್ಲಿ ಒಂದು ಸಣ್ಣ ವಿಷಯಾಂತರವನ್ನು ವಾಚಕರು ಕ್ಷಮಿಸಬೇಕು. ಆ ಕಥಾಮಾಲೆಯ ನಾಯಕನು ಆರ್ಥರ್ ಅಪ್‌ಫೀಲ್ಡ್ ಎಂಬ ಕಾದಂಬರಿಕಾರನು ಕಲ್ಪಿಸಿದ ಪತ್ತೇದಾರ. ಆಸ್ಟ್ರೇಲಿಯದ ಆದಿವಾಸಿ ತಾಯಿಗೂ ಬಿಳಿಯ ತಂದೆಗೂ ಹುಟ್ಟಿದವನು. ದೂರದರ್ಶನದಲ್ಲಿ ಆ ಪಾತ್ರವನ್ನು ವಹಿಸಿದವರು ಜೇಮ್ಸ್ ಲಾರೆನ್ಸನ್ ಎಂಬ ನ್ಯೂಜೀಲೆಂಡಿನ ಬಿಳಿಯ ನಟ. ಅದರಿಂದ ಆ ನಾಡಿನಲ್ಲಿ ಆಕ್ಷೇಪಣೆಗಳೂ ಎದ್ದಿದ್ದುವು. ಎಂದರೆ, ಒಬ್ಬರ ಮುಖಕ್ಕೆ ಮತ್ತೊಬ್ಬರ ಗುರುತನ್ನು ತೊಡಿಸುವ ಕ್ರಿಯೆ ಈ ಮೇಳದ ಹೆಸರಿನಲ್ಲಿಯೇ ಅಡಗಿತ್ತು. ಫಾರಿಯನ್ನರು ಇದನ್ನು ಯೋಚಿಸಿ ಮಾಡಿದರೆಂದು ನಾನು ಹೇಳಲಾರೆ.

ತಟ್ಟೆಯು ಹಾಲೆಂಡ್ ಮತ್ತು ಬೆಲ್ಜಿಯಂ ದೇಶಗಳಲ್ಲಿ ಚೆನ್ನಾಗಿ ಮಾರಾಟವಾಗತೊಡಗಲು, ನೃತ್ಯಶಾಲೆಗಳಿಂದಲೂ ದೂರದರ್ಶನದಿಂದಲೂ ಬೋನಿ ಎಂ. ಮೇಳಕ್ಕೆ ಕರೆಗಳು ಬಂದುವು. ಇಲ್ಲದ ಮೇಳವನ್ನು ಈಗ ಸೃಷ್ಟಿಸಬೇಕಾಯಿತು. ವೆಸ್ಟ್ ಇಂಡೀಸಿನ ಮಾಂಟ್ಸೆರಾಟ್ ದ್ವೀಪದಿಂದ ಬಂದ ಮೇಝಿ ವಿಲಿಯಮ್ಸ್, ಅರೂಬಾ ದ್ವೀಪದ ನರ್ತಕ ಬಾಬಿ ಫಾರೆಲ್, ಜಮೈಕದಲ್ಲಿ ಹುಟ್ಟಿದ ಮಾರ್ಶಿಯಾ ಬ್ಯಾರೆಟ್ ಇವರೊಡನೆ, ಕೆಲವು ಕಾಲ ಇದ್ದು ಬಿಟ್ಟುಹೋದ ಕ್ಲಾಡ್ಜಾ ಬ್ಯಾರಿಯ ಸ್ಥಾನಕ್ಕೆ 1976ರಲ್ಲಿ ಜಮೈಕದಲ್ಲಿಯೇ ಹುಟ್ಟಿದ ಲಿಝ್ ಮಿಚೆಲ್ ಸೇರಿದರು. ಮಿಚೆಲ್ ಅವರು ಇದಕ್ಕೆ ಹಿಂದೆ ಜರ್ಮನಿಯಲ್ಲಿ ‘ಲೆಸ್ ಹಂಫ್ರಿಸ್ ಸಿಂಗರ್ಸ್’ ಎಂಬ ಗಾಯಕವೃಂದದಲ್ಲಿ ಹಾಡಿ ಪಳಗಿದವರು. ಲೋಕವು ಬೋನಿ ಎಂ. ಎಂದು ಕಂಡುದು ಈ ನಾಲ್ವರನ್ನು.

ಲೋಕವು ಕೇಳಿದುದು ಯಾರನ್ನು? ಇದಕ್ಕೆ ಉತ್ತರವನ್ನು ಕೊಡಬೇಕಾದರೆ ಆ ಕಾಲದ ಧ್ವನಿಮುದ್ರಣ ವಿಧಾನವನ್ನು ತಿಳಿಯುವುದು ಅಗತ್ಯ. ಮೇಳದವರೆಲ್ಲ ಒಂದು ಕೊಠಡಿಯಲ್ಲಿ ಸೇರಿ ಒಂದೇ ಸಲ ಹಾಡಿ ಮುಗಿಸುವ ಕಾಲ ಆಗಲೇ ಕಳೆದಿತ್ತು. ಎರಡು ಅಂಗುಲ ಅಗಲದ ಕಾಂತಪಟ್ಟಿಯ ಮೇಲೆ ಇಪ್ಪತ್ತನಾಲ್ಕು ಸಮಾಂತರ ದಾರಿಗಳು. ಒಂದೊಂದು ದಾರಿಯಲ್ಲಿಯೂ ಒಂದೊಂದು ಧ್ವನಿಯನ್ನು ಬೇರೆಬೇರೆ ದಿನ ಮುದ್ರಿಸಿಕೊಳ್ಳಬಹುದು. ಮೊದಲ ದಿನ ಡ್ರಮ್ ಮತ್ತು ಬೇಸ್, ಮತ್ತೊಂದು ದಿನ ಪಿಟೀಲುಗಳು, ಕೊನೆಯಲ್ಲಿ ಕಂಠಗಳು. ಒಬ್ಬ ಗಾಯಕಿಯು ಒಂದೇ ಸಾಲನ್ನು ನಾಲ್ಕು ದಾರಿಗಳಲ್ಲಿ ನಾಲ್ಕು ಸಲ ಹಾಡಿದರೆ ಕೇಳುವವನಿಗೆ ನಾಲ್ವರ ವೃಂದವಾಗಿ ತೋರುತ್ತದೆ. ಪ್ರತಿ ಸಲವೂ ಶ್ರುತಿಯಲ್ಲಿ, ಉಚ್ಚಾರಣೆಯ ಕಾಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುವುದರಿಂದಲೇ ಈ ಭ್ರಮೆ ಸಾಧ್ಯ. ಆಮೇಲೆ ನಿರ್ಮಾಪಕನು ಈ ದಾರಿಗಳನ್ನೆಲ್ಲ ಬೇಕಾದ ಪ್ರಮಾಣದಲ್ಲಿ ಬೆರೆಸಿ ಎರಡು ದಾರಿಗೆ ಇಳಿಸುತ್ತಾನೆ. ನಾವು ಮನೆಯಲ್ಲಿ ಕೇಳುವುದು ಆ ಬೆರಕೆಯನ್ನು. ಇಂತಹ ವ್ಯವಸ್ಥೆಯಲ್ಲಿ ‘ಮೇಳ’ವು ಕೂಡುವುದು ಕೊಠಡಿಯಲ್ಲಲ್ಲ, ಪಟ್ಟಿಯ ಮೇಲೆ.

ಬೋನಿ ಎಂ. ತಟ್ಟೆಗಳಲ್ಲಿ ಹೆಣ್ಣುದನಿಗಳು ಲಿಝ್ ಮಿಚೆಲ್ ಮತ್ತು ಮಾರ್ಶಿಯಾ ಬ್ಯಾರೆಟ್ ಇವರವು. ಮುಖ್ಯ ಭಾಗಗಳಲ್ಲಿ ಬಹುಪಾಲು ಮಿಚೆಲ್ ಅವರದು. ಗಂಡುದನಿ ಫಾರಿಯನ್ನರದು. ಮೇಝಿ ವಿಲಿಯಮ್ಸ್ ಮತ್ತು ಬಾಬಿ ಫಾರೆಲ್ ಸ್ಟೂಡಿಯೊದ ಗಾಯನದಲ್ಲಿ ಭಾಗವಹಿಸಲಿಲ್ಲ. ಫಾರೆಲ್ ಅವರು ದೂರದರ್ಶನದಲ್ಲಿ ತುಟಿಯಾಡಿಸಿ ಕುಣಿದರು. ಆ ಕುಣಿತವೇ ಮೇಳದ ಗುರುತಾಯಿತು. ಕಚೇರಿಗಳಲ್ಲಿ ಮಾತ್ರ ನಾಲ್ವರೂ ‘ಬ್ಲ್ಯಾಕ್ ಬ್ಯೂಟಿ ಸರ್ಕಸ್’ ಎಂಬ ವಾದ್ಯತಂಡದೊಡನೆ ಎದುರುನಿಂತು ಹಾಡುತ್ತಿದ್ದರೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

1976ರಲ್ಲಿ ಬಂದ ‘ಡ್ಯಾಡಿ ಕೂಲ್’ ಮೊದಲು ಹೆಚ್ಚು ಮಾರಾಟವಾಗಲಿಲ್ಲ. ಆ ವರ್ಷ ಸೆಪ್ಟೆಂಬರಿನಲ್ಲಿ ‘ಮ್ಯೂಸಿಕ್‌ಲಾಡೆನ್’ ಎಂಬ ಜರ್ಮನ್ ದೂರದರ್ಶನ ಕಾರ್ಯಕ್ರಮದಲ್ಲಿ ನಾಲ್ವರೂ ಕಾಣಿಸಿಕೊಂಡ ಮೇಲೆ ಜರ್ಮನಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಧ್ವನಿಯು ಸ್ಟೂಡಿಯೊದಲ್ಲಿ ಸಿದ್ಧವಾಗಿದ್ದರೂ ಅದನ್ನು ಮಾರಿದುದು ಮುಖ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ‘ಟೇಕ್ ದಿ ಹೀಟ್ ಆಫ್ ಮಿ’ (1976), ‘ಲವ್ ಫಾರ್ ಸೇಲ್’ (1977) ಎಂಬ ಎರಡು ದೀರ್ಘ ತಟ್ಟೆಗಳಲ್ಲಿ ಅಮೆರಿಕದ ಬಾಬಿ ಹೆಬ್ ರಚಿಸಿದ ‘ಸನಿ’ಯಂತಹ ಹಳೆಯ ಹಾಡುಗಳೂ ‘ಮಾ ಬೇಕರ್’ನಂತಹ ಹೊಸವೂ ಬಂದುವು. ಕೃತಿಕಾರರ ಸ್ಥಾನದಲ್ಲಿ ಫಾರಿಯನ್ನರೊಡನೆ ಮೇಲಿಂದ ಮೇಲೆ ಕಾಣುವ ಎರಡು ಹೆಸರುಗಳು ಜಾರ್ಜ್ ರೇಯಂ ಮತ್ತು ಫ್ರೆಡ್ ಜೇ. ಇವೂ ತೊಡಿಸಿದ ಹೆಸರುಗಳೇ. ರೇಯಂ ಎಂಬುದು ಹಾನ್ಸ್-ಯೋರ್ಗ್ ಮಾಯರ್ ಅವರ ಕುಲನಾಮವನ್ನು ರೋಮನ್ ಲಿಪಿಯಲ್ಲಿ ಹಿಂದುಮುಂದಾಗಿ ಓದಿದುದು. ಫ್ರೆಡ್ ಜೇ ಎಂಬವರು ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆಹೋದ ಯೆಹೂದಿ ಗೀತಕಾರ ಫ್ರೀಡ್ರಿಶ್ ಯಾಕೋಬ್ಸನ್. ಬಿಲ್ಲೆಯ ಮೇಲೆ ಅಚ್ಚಾದ ಒಂದು ಹೆಸರೂ ಹುಟ್ಟುಹೆಸರಲ್ಲವೆಂದಾಯಿತು.

ಈ ಚರಿತ್ರೆಯ ಶಿಖರ 1978ನೆಯ ವರ್ಷ. ಅದರಲ್ಲಿಯೂ ‘ರಿವರ್ಸ್ ಆಫ್ ಬ್ಯಾಬಿಲಾನ್’. ಈ ಹಾಡಿನ ವಂಶಾವಳಿಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿಯದ ದೊರೆ ನೆಬುಕದ್ನೆಚ್ಚರನು ಜೆರೂಸಲೇಮನ್ನು ಹಾಳುಗೆಡವಿ ಯೆಹೂದ್ಯರನ್ನು ಸೆರೆಯಾಗಿ ಒಯ್ದನಷ್ಟೆ. ಆ ಸೆರೆವಾಸದ ಅಳಲು ಬೈಬಲಿನ 137ನೆಯ ಕೀರ್ತನೆಯಲ್ಲಿದೆ. ಎರಡೂವರೆ ಸಾವಿರ ವರ್ಷಗಳ ಬಳಿಕ ಜಮೈಕದ ರಾಸ್ತಫಾರಿ ಪಂಥದವರು ಆ ಕೀರ್ತನೆಯಲ್ಲಿ ತಮ್ಮ ಕಥೆಯನ್ನು ಕಂಡರು: ಆಫ್ರಿಕದಿಂದ ಸಂಕಲೆಯಲ್ಲಿ ತಂದ ತಮ್ಮ ಪೂರ್ವಿಕರೇ ಆ ಸೆರೆಯವರು, ಬಿಳಿಯರ ಆಳ್ವಿಕೆಯೇ ಬ್ಯಾಬಿಲಾನ್. 1970ರಲ್ಲಿ ‘ದಿ ಮೆಲೋಡಿಯನ್ಸ್’ ಎಂಬ ಜಮೈಕದ ಮೇಳದ ಬ್ರೆಂಟ್ ಡೋವ್ ಮತ್ತು ಟ್ರೆವರ್ ಮೆಕ್‌ನಾಟನ್ ಇದನ್ನು ಹಾಡಾಗಿ ರೂಪಿಸಿದರು. ಅದರಲ್ಲಿ ದೇವರ ಹೆಸರಿಗೆ ಬದಲಾಗಿ, ಆ ಪಂಥದವರು ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಗೆ ಬಳಸುವ ‘ಕಿಂಗ್ ಆಲ್ಫಾ’ ಎಂಬ ಬಿರುದನ್ನು ಇರಿಸಿದರು.

ಬೋನಿ ಎಂ. ಆವೃತ್ತಿಯಲ್ಲಿ ಆ ಬಿರುದು ಹೋಗಿ ‘ಪ್ರಭು’ ಎಂಬರ್ಥದ ಸಾಮಾನ್ಯ ಪದ ಬಂದಿತು. ಪಂಥದ ಗುರುತು ಅಳಿಸಿತು. ಕೃತಿಕಾರರ ಸಾಲಿನಲ್ಲಿ ಡೋವ್, ಮೆಕ್‌ನಾಟನ್ ಇವರ ಪಕ್ಕದಲ್ಲಿ ಫಾರಿಯನ್ ಮತ್ತು ರೇಯಂ ಎಂಬ ಹೆಸರುಗಳು ಸೇರಿದುವು. ಇದು ಬರಿಯ ಗೌರವದ ಪ್ರಶ್ನೆಯಲ್ಲ. ಕೃತಿಕಾರನೆಂದು ಹೆಸರು ಅಚ್ಚಾದವನಿಗೆ ತಟ್ಟೆಯ ಪ್ರತಿಯೊಂದು ಮಾರಾಟದಿಂದಲೂ ಪ್ರಸಾರದಿಂದಲೂ ಪಾಲು ಸಲ್ಲುತ್ತದೆ; ಅಮೆರಿಕದ ರೇಡಿಯೊದಲ್ಲಂತೂ ಪ್ರಸಾರದ ಹಣ ಕೃತಿಕಾರನ ಕಡೆಗೇ ಹೊರತು ಹಾಡಿದವನ ಕಡೆಗೆ ಹೋಗುವುದಿಲ್ಲ. ಇಷ್ಟಾದರೂ ಈ ಹಾಡನ್ನು ಕೇವಲ ಅಪಹರಣವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು. ಅದನ್ನು ಹಾಡಿದ ಲಿಝ್ ಮಿಚೆಲ್ ಜಮೈಕದಲ್ಲಿ ಹುಟ್ಟಿ, ಬಾಲ್ಯದಲ್ಲಿ ಲಂಡನ್ನಿಗೆ ವಲಸೆಹೋಗಿ, ಅಲ್ಲಿಂದ ಜರ್ಮನಿಗೆ ಬಂದವರು. ಪರದೇಶದಲ್ಲಿ ಕುಳಿತು ಹೇಗೆ ಹಾಡಲಿ ಎಂಬುದು ಆ ಕೀರ್ತನೆಯ ಮುಖ್ಯಭಾವ. ಆ ಭಾವವನ್ನು ಅವರು ಎರವಲಾಗಿ ಪಡೆಯಬೇಕಾಗಿರಲಿಲ್ಲ. ಡ್ರಮ್ಮಿನ ಯಾಂತ್ರಿಕವಾದ ಹೊಡೆತದ ಮೇಲೆ ಆ ಕಂಠ ನಿಂತಿರುವ ರೀತಿಯನ್ನು ಗಮನವಿಟ್ಟು ಕೇಳಿದವರಿಗೆ ನನ್ನ ಮಾತು ಅತಿಶಯೋಕ್ತಿಯೆನಿಸದು.

ತಟ್ಟೆಯು ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಅನಂತರ ಮಾರಾಟ ಇಳಿಯುತ್ತಿರುವಾಗ ರೇಡಿಯೊದವರು ತಟ್ಟೆಯನ್ನು ಮಗುಚಿ ಹಿಂಬದಿಯ ‘ಬ್ರೌನ್ ಗರ್ಲ್ ಇನ್ ದಿ ರಿಂಗ್’ ಎಂಬ ಜಮೈಕದ ಮಕ್ಕಳಾಟದ ಹಾಡನ್ನು ನುಡಿಸತೊಡಗಿದುದರಿಂದ ಅದೇ ತಟ್ಟೆ ಮತ್ತೆ ಎರಡನೆಯ ಸ್ಥಾನಕ್ಕೆ ಏರಿತು. ಬ್ರಿಟನ್ನೊಂದರಲ್ಲಿಯೇ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಪ್ರತಿಗಳು ಮಾರಾಟವಾದುವು. ಅದೇ ವರ್ಷದ ಕ್ರಿಸ್ಮಸ್ಸಿಗೆ, ಹಿಂದೆ ಹ್ಯಾರಿ ಬೆಲಫಾಂಟೆ ಹಾಡಿ ಪ್ರಸಿದ್ಧಗೊಳಿಸಿದ್ದ ‘ಮೇರೀಸ್ ಬಾಯ್ ಚೈಲ್ಡ್’ ಗೀತೆಯ ಹೊಸ ರೂಪವೂ ಅಲ್ಲಿ ಮೊದಲ ಸ್ಥಾನಕ್ಕೆ ಬಂದಿತು. ಅಮೆರಿಕದಲ್ಲಿ ಮಾತ್ರ ‘ರಿವರ್ಸ್ ಆಫ್ ಬ್ಯಾಬಿಲಾನ್’ ಮೂವತ್ತನೆಯ ಸ್ಥಾನವನ್ನು ದಾಟಲಿಲ್ಲ. ಡಿಸ್ಕೊವಿನ ತವರೇ ಬೋನಿ ಎಂ. ಮೇಳಕ್ಕೆ ಒಲಿಯಲಿಲ್ಲ.

‘ನೈಟ್‌ಫ್ಲೈಟ್ ಟು ವೀನಸ್’ (1978) ಎಂಬ ದೀರ್ಘ ತಟ್ಟೆಯಲ್ಲಿ ಬಂದ ‘ರಾಸ್ಪುಟಿನ್’ ಚರಿತ್ರೆಯ ವಿದ್ಯಾರ್ಥಿಗಳಿಗೆ ವಿಶೇಷ ಸ್ವಾರಸ್ಯದ ವಸ್ತು. ರಾಗವು ತುರ್ಕಿಯ ‘ಉಸ್ಕುದಾರ್’ ಎಂಬ ಜನಪದ ಗೀತೆಯನ್ನು ಹೋಲುತ್ತದೆಂಬುದನ್ನು ಹಲವರು ಗುರುತಿಸಿದ್ದಾರೆ. ವಸ್ತುವಾದರೋ ಚರಿತ್ರೆಗಿಂತ ಹೆಚ್ಚಾಗಿ ಗಾಳಿಮಾತು. ರಾಣಿ ಅಲೆಕ್ಸಾಂಡ್ರಾಳ ಪ್ರಣಯಿ ರಾಸ್ಪುಟಿನ್ ಎಂಬುದಕ್ಕೆ ಆಧಾರವಿಲ್ಲ. ಯುವರಾಜ ಅಲೆಕ್ಸೀಯ ರಕ್ತಸ್ರಾವ ರೋಗವೇ ಅವನಿಗೆ ಅರಮನೆಯ ಬಾಗಿಲನ್ನು ತೆರೆದುದು. ವಿಷವನ್ನುಂಡೂ ಸಾಯಲಿಲ್ಲವೆಂಬ ಕಥೆ ಕೊಲೆಗಾರರಲ್ಲೊಬ್ಬನಾದ ಫೆಲಿಕ್ಸ್ ಯುಸುಪೋವನ ಸ್ಮರಣೆಗಳಿಂದ ಹಬ್ಬಿದುದು. ಸಾವು ಗುಂಡಿನೇಟಿನಿಂದ ಆಯಿತು. ಆದರೂ 1916ರ ಪೆಟ್ರೋಗ್ರಾಡಿನಲ್ಲಿ ಜನ ಏನನ್ನು ನಂಬಿದ್ದರು ಎಂಬುದನ್ನು ತಿಳಿಯಲು ಈ ಹಾಡು ಕೆಟ್ಟ ಆಕರವೇನಲ್ಲ! 1978ರ ಡಿಸೆಂಬರಿನಲ್ಲಿ ಮೇಳವು ಸೋವಿಯೆತ್ ಸರ್ಕಾರದ ಆಹ್ವಾನದ ಮೇಲೆ ಮಾಸ್ಕೋವಿನ ರೊಸ್ಸೀಯ ಸಭಾಂಗಣದಲ್ಲಿ ಹಾಡಿತು. ‘ರಾಸ್ಪುಟಿನ್’ ಒಂದನ್ನು ಅಲ್ಲಿ ಹಾಡಲಿಲ್ಲ. ಮುಂದೆ 1979ರ ‘ಓಷನ್ಸ್ ಆಫ್ ಫ್ಯಾಂಟಸಿ’, 1981ರ ‘ಬೂನೂನೂನೂಸ್’ ಬಂದುವು. 1981ರಲ್ಲಿ ಫಾರೆಲ್ ಮೇಳವನ್ನು ಬಿಟ್ಟರು; ಅವರ ಸ್ಥಾನಕ್ಕೆ ರೆಜಿ ಸಿಬೋ ಬಂದರು. ಆ ಹೊತ್ತಿಗೆ ಡಿಸ್ಕೊ ಹಳತಾಗಿತ್ತು. 1985ರ ‘ಐ ಡಾನ್ಸ್’ ಕೊನೆಯ ತಟ್ಟೆ. 1986ರಲ್ಲಿ ಮೇಳವು ವಿಸರ್ಜಿತವಾಯಿತು.

ಹೀಗಿರುವಲ್ಲಿ, ಬೋನಿ ಎಂ. ಒಂದು ವಂಚನೆಯೆ? ತುಟಿಯಾಡಿಸುವುದೇ ವಂಚನೆಯಾದರೆ ನಮ್ಮ ಚಲನಚಿತ್ರಗಳೆಲ್ಲ ವಂಚನೆಯಾಗಬೇಕು. ಪಿ. ಬಿ. ಶ್ರೀನಿವಾಸರ ಕಂಠಕ್ಕೆ ರಾಜ್‌ಕುಮಾರರು ತುಟಿಯಾಡಿಸಿದುದನ್ನು ಕನ್ನಡಿಗರು ಕಲೆಯೆಂದೇ ಬಗೆದರು. ಏಕೆಂದರೆ ಇಬ್ಬರ ಹೆಸರೂ ತೆರೆಯ ಮೇಲೆ ಬರುತ್ತಿತ್ತು. ದೋಷವಿರುವುದು ತುಟಿಯಲ್ಲಲ್ಲ, ಹೆಸರಿನಲ್ಲಿ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ಇಷ್ಟು ಕಾಲ ಚರ್ಚಿಸಿದುದೂ ಇಂತಹುದೇ ಕಾರಣದಿಂದಲ್ಲವೆ? ಒಬ್ಬನ ಅನುಮತಿ, ಮತ್ತೊಬ್ಬನ ಬರೆಹ. ಕೃತಿಗೆ ಯಾರ ಹೆಸರು? ಫಾರಿಯನ್ನರ ಪ್ರಸಂಗದಲ್ಲಿ ಒಂದು ವೈಚಿತ್ರ್ಯವಿದೆ: ಇಲ್ಲಿ ಒಡೆಯನೇ ಹಾಡಿ ಕಂಠವನ್ನು ಸೇವಕನದೆಂದು ತೋರಿಸಿದನು. ಕರಿಯ ಮುಖ ಬೇಕಾಗಿತ್ತು, ಬಿಳಿಯ ಕಂಠ ಸಾಕಾಗಿತ್ತು ಎಂದು ಕಟುವಾಗಿ ಹೇಳಬಹುದು. ಆದರೆ ಮಿಚೆಲ್ ಮತ್ತು ಬ್ಯಾರೆಟ್ ಇವರ ಕಂಠಗಳನ್ನು ಮರೆತು ಹಾಗೆ ಹೇಳುವುದು ಅವರಿಗೆ ಎರಡನೆಯ ಸಲ ಮಾಡುವ ಅನ್ಯಾಯ.

ಇದೇ ವಿಧಾನವನ್ನು ಫಾರಿಯನ್ನರು ಮತ್ತೊಮ್ಮೆ, ಇನ್ನೂ ಪೂರ್ಣವಾಗಿ, ಪ್ರಯೋಗಿಸಿದರು. ‘ಮಿಲಿ ವನಿಲಿ’ ಎಂಬ ಹೆಸರಿನಲ್ಲಿ ರಾಬ್ ಪಿಲಾಟಸ್ ಮತ್ತು ಫ್ಯಾಬ್ ಮೊರ್ವಾನ್ ಎಂಬ ಇಬ್ಬರು ತರುಣರು ಕುಣಿದರು, ಹಾಡಿದವರು ಬೇರೆಯವರು. 1990ರ ಫೆಬ್ರವರಿಯಲ್ಲಿ ಅವರಿಗೆ ಗ್ರಾಮಿ ಪ್ರಶಸ್ತಿ ಬಂದಿತು. ನವೆಂಬರಿನಲ್ಲಿ ಫಾರಿಯನ್ನರೇ ನಿಜವನ್ನು ಹೊರಗೆಡಹಲು ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ತಟ್ಟೆ ಕೊಂಡವರಿಗೆ ಹಣವನ್ನು ಹಿಂದಿರುಗಿಸುವ ಒಪ್ಪಂದವೂ ಅಮೆರಿಕದ ನ್ಯಾಯಾಲಯದಲ್ಲಿ ಆಯಿತು. ಇದರಲ್ಲಿ ಹೆಚ್ಚಿನ ಬೆಲೆ ತೆತ್ತವರು ಆ ಇಬ್ಬರು ತರುಣರು. ಪಿಲಾಟಸ್ 1998ರಲ್ಲಿ, ಇನ್ನೂ ಮೂವತ್ತರ ಹರೆಯದಲ್ಲಿಯೇ, ತೀರಿಕೊಂಡರು. ಬೋನಿ ಎಂ. ಮೇಳಕ್ಕೆ ದೊರೆತ ಕ್ಷಮೆ ಮಿಲಿ ವನಿಲಿಗೆ ದೊರೆಯಲಿಲ್ಲ. ಮೊದಲನೆಯದರಲ್ಲಿ ಮುಂದೆ ನಿಂತವರಲ್ಲಿ ಇಬ್ಬರಾದರೂ ಹಾಡಿದ್ದರು. ಎರಡನೆಯದರಲ್ಲಿ ಯಾರೂ ಹಾಡಿರಲಿಲ್ಲ. ಭೇದವು ಅಷ್ಟೇ ಇರಬಹುದೆಂದು ತೋರುತ್ತದೆ.

ಮೇಳವು ಒಡೆದ ಮೇಲೆ ಅದರ ಹಳೆಯ ಸದಸ್ಯರು ತಮ್ಮ ತಮ್ಮ ಹೆಸರನ್ನು ಜೋಡಿಸಿಕೊಂಡು ಬೇರೆಬೇರೆ ಬೋನಿ ಎಂ. ತಂಡಗಳನ್ನು ನಡೆಸಿದರು. ಅಂತಹುದೊಂದು ತಂಡದೊಡನೆ ರಷ್ಯಕ್ಕೆ ಹೋಗಿದ್ದ ಬಾಬಿ ಫಾರೆಲ್ 2010ರ ಡಿಸೆಂಬರ್ 30ರಂದು ಸೇಂಟ್ ಪೀಟರ್ಸ್‌ಬರ್ಗಿನ ಹೋಟೆಲೊಂದರಲ್ಲಿ ನಿಧನರಾದರು. ರಾಸ್ಪುಟಿನ್ ಕೊಲೆಯಾದುದು ಅದೇ ಊರಿನಲ್ಲಿ; ದಿನವೂ ಡಿಸೆಂಬರ್ 30. ರಷ್ಯದ ಅಂದಿನ ಪಂಚಾಂಗದಂತೆ ಅದು 17 ಎಂಬುದನ್ನು ನೆನೆದರೆ ಕಾಕತಾಳೀಯದ ಬೆರಗು ಸ್ವಲ್ಪ ಇಳಿಯುತ್ತದೆ. ಫಾರಿಯನ್ನರು 2024ರ ಜನವರಿ 23ರಂದು ಅಮೆರಿಕದ ಮಯಾಮಿಯಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆ 2021ರಲ್ಲಿ ‘ರಾಸ್ಪುಟಿನ್’ ಹಾಡನ್ನು ಮಜೆಸ್ಟಿಕ್ ಎಂಬ ಬ್ರಿಟಿಷ್ ಸಂಗೀತಗಾರನು ಹೊಸದಾಗಿ ಬೆರೆಸಿ ಹೊರತರಲು, ಅದು ಎಳೆಯರ ಕಿರುಚಿತ್ರಗಳ ಮೂಲಕ ಇನ್ನೊಮ್ಮೆ ಲೋಕವನ್ನು ಸುತ್ತಿತು. ಅದರ ಮೂಲ ಪಟ್ಟಿಯಲ್ಲಿ ಹೆಣ್ಣುದನಿಗಳು ಮಿಚೆಲ್ ಮತ್ತು ಬ್ಯಾರೆಟ್ ಇವರವು, ಮಂದ್ರದ ಗಂಡುದನಿ ಫಾರಿಯನ್ನರದು, ನಡುವೆ ಬರುವ ಮಾತು ಬಿಲ್ ಸ್ವಿಶರ್ ಎಂಬ ಅಮೆರಿಕನದು. ಹಳೆಯ ಚಿತ್ರಗಳಲ್ಲಿ ಗಡ್ಡಬಿಟ್ಟು ಕುಣಿಯುವವರು ಫಾರೆಲ್.